ಸ್ಪ್ರೇಯರ್ ತೊಳೆಯೋ ಮೊದಲು ಹಳ್ಳದ ಕಲ್ಲು ತಿರುವಿ ನೋಡ್ರಿ

ಹಸ್ತಿ ಮಳೆ ಮುಗಿದು ಚಿತ್ತಿ ಮಳೆ ಹಿಡಿಯೋ ಹೊತ್ತಿಗೆ ನಮ್ಮ ಕೌಜಲಗಿ ಕಡೆ ಹಳ್ಳದ ನೀರು ತಿಳಿಯಾಗುತ್ತದೆ. ಕೆಂಪಗೆ ಓಡುತ್ತಿದ್ದ ನೀರಿನಲ್ಲಿ ತಳದ ಹರಳು ಎಣಿಸಬಹುದು. ಇದೇ ಹೊತ್ತಿಗೆ ಹೊಲದಲ್ಲಿ ಗೋವಿನಜೋಳಕ್ಕೆ, ಹತ್ತಿಗೆ, ಕ್ಯಾಬೀಜಿಗೆ ಎಣ್ಣಿ ಹೊಡೆಯೋ ಗದ್ದಲ. ಬೆಳಿಗ್ಗೆ ಬದುವಿನ ಮೇಲೆ ನಿಂತರೆ ನಾಲ್ಕು ದಿಕ್ಕಿನಿಂದ ಪಂಪಿನ ಸದ್ದು ಕೇಳುತ್ತದೆ.

ಈ ವಾರ ನಾನು ಹೇಳೋದು ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಈ ತಿಂಗಳು ಒಂದು ಗಾಳ ತಗೊಂಡು ನಿಮ್ಮ ಊರ ಹಳ್ಳಕ್ಕೆ ಹೋಗ್ರಿ. ಮೀನು ತಿನ್ನಲಿಕ್ಕೇ ಹೋಗಬೇಕಂತಿಲ್ಲ, ನಮ್ಮ ಮನ್ಯಾಗೂ ಮೀನು ಮಾಡಂಗಿಲ್ಲ. ಆದರೆ ಹಳ್ಳದಲ್ಲಿ ಮೀನು ಹಿಡಿಯಲು ಬರದ ರೈತನಿಗೆ ತನ್ನ ಹೊಲದಿಂದ ಏನು ಹರಿದು ಹೋಗುತ್ತಿದೆ ಅಂತ ಗೊತ್ತಾಗೋದು ಕಷ್ಟ. ಇದು ನನಗೆ ಅರಭಾವಿ ತೋಟಗಾರಿಕೆ ಕಾಲೇಜಿನ ನಾಲ್ಕು ವರ್ಷದ ಓದಿನಲ್ಲಿ ತಿಳಿಯಲಿಲ್ಲ. ಹಿಮಾಚಲದ ಒಂದು ಸಣ್ಣ ಹಳ್ಳದ ದಂಡೆಯಲ್ಲಿ, ಒಬ್ಬ ಗಾಳಗಾರನನ್ನು ನೋಡಿ ತಿಳಿಯಿತು.

ಕೆಲವು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ ಸೋಲನ್ ಹತ್ತಿರದ ನೌಣಿ ತೋಟಗಾರಿಕೆ ವಿಶ್ವವಿದ್ಯಾಲಯ ನೋಡಲು ಹೋಗಿದ್ದೆ. ಸೇಬಿನ ತೋಟ ನೋಡೋದು, ಅಲ್ಲಿಯ ನೈಸರ್ಗಿಕ ಕೃಷಿ ತಿಳಿಯೋದು ಉದ್ದೇಶ. ಮುಗಿದ ಮೇಲೆ ಎರಡು ದಿನ ಉಳಿದಿತ್ತು, ಬಸ್ ಹಿಡಿದು ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋದೆ. ತೀರ್ಥನ್‌ಗೆ ಸೇರುವ ಸಣ್ಣ ತೊರೆ, ನಮ್ಮ ಕಾಲುವೆಗಿಂತ ಸಣ್ಣದು. ಒಬ್ಬ ಮಧ್ಯವಯಸ್ಸಿನ ಮನುಷ್ಯ ತೆಳ್ಳನೆಯ ಕೋಲು ಹಿಡಿದು ದಂಡೆಗೆ ಬಂದ. ಗಾಳ ಹಾಕುತ್ತಾನೆ ಅಂದುಕೊಂಡೆ. ಹಾಕಲಿಲ್ಲ. ಕೋಲನ್ನು ಬಂಡೆಗೆ ಒರಗಿಸಿ, ಪ್ಯಾಂಟ್ ಮಡಚಿ ನೀರಿಗಿಳಿದು, ತೆಂಗಿನಕಾಯಿ ಗಾತ್ರದ ಕಲ್ಲುಗಳನ್ನು ಒಂದೊಂದೇ ಎತ್ತಿ ಅಡಿಭಾಗ ತಿರುವಿ ನೋಡತೊಡಗಿದ. ನೋಡಿದ ಕಲ್ಲನ್ನು ಮತ್ತೆ ಹಾಗೇ, ಅದೇ ಜಾಗದಲ್ಲಿ ಇಡುತ್ತಿದ್ದ. ಹತ್ತು ನಿಮಿಷ ಇದೇ ಕೆಲಸ.

ನಾನು ಕೇಳಿದೆ. ಆತ ಒಂದು ಕಲ್ಲು ನನ್ನ ಮುಂದೆ ಹಿಡಿದ. ಅಡಿಯಲ್ಲಿ ಚಪ್ಪಟೆ ಹುಳ, ಹಿಂದೆ ಮೂರು ಬಾಲ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಇನ್ನೊಂದು ಕಲ್ಲಿಗೆ ಮರಳಿನ ಕಣ ಅಂಟಿಸಿ ಕಟ್ಟಿಕೊಂಡ ಕೊಳವೆಯಂಥ ಮನೆ, ಒಳಗೆ ಒಂದು ಹುಳ. ಆಮೇಲೆ ಜೇಬಿನಿಂದ ಡಬ್ಬಿ ತೆಗೆದ. ಅದರ ತುಂಬ ಕೋಳಿ ಪುಕ್ಕ, ನೂಲು, ಸಣ್ಣ ಕೊಂಡಿಯಿಂದ ಮಾಡಿದ ಸುಳ್ಳು ಹುಳಗಳು. ಕಲ್ಲಿನಡಿ ಕಂಡ ಹುಳದ ಬಣ್ಣಕ್ಕೆ, ಗಾತ್ರಕ್ಕೆ ಹೊಂದುವುದನ್ನು ಆರಿಸಿ ದಾರಕ್ಕೆ ಕಟ್ಟಿದ. ಇದಕ್ಕೇ ಫ್ಲೈ ಫಿಶಿಂಗ್ ಅಂತಾರೆ. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಆ ಪುಕ್ಕದ ಹುಳಕ್ಕೆ ಭಾರವೇ ಇಲ್ಲದ ಕಾರಣ ಎಸೆದರೆ ದೂರ ಹೋಗುವುದಿಲ್ಲ. ಅದಕ್ಕೆ ದಾರವನ್ನೇ ಸ್ವಲ್ಪ ಭಾರ ಮಾಡಿರುತ್ತಾರೆ, ಬಾರುಕೋಲು ಬೀಸಿದ ಹಾಗೆ ಬೀಸಿದರೆ ದಾರ ಹುಳವನ್ನು ಹೊತ್ತುಕೊಂಡು ಹೋಗಿ ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ.

ಮೂರನೇ ಸಲಕ್ಕೆ ಟ್ರೌಟ್ ಹಿಡಿಯಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಕಂದು ಮೈ, ಮೇಲೆ ಕೆಂಪು ಕರಿ ಚುಕ್ಕೆ. ಕೈ ಒದ್ದೆ ಮಾಡಿಕೊಂಡು ಮೀನು ಹಿಡಿದು, ಕೊಂಡಿ ಬಿಡಿಸಿ, ನೀರಲ್ಲಿ ತಲೆ ಹರಿವಿನ ಕಡೆ ಮಾಡಿ ಸ್ವಲ್ಪ ಹೊತ್ತು ಹಿಡಿದು ಬಿಟ್ಟ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಆಮೇಲೆ ರೋಗ ಬರುತ್ತದಂತೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯಲು ಸರಕಾರ ಬಿಡುವುದಿಲ್ಲ, ಅದು ಮೊಟ್ಟೆ ಇಡುವ ಕಾಲ. ಹಾಗಾಗಿ ಅಕ್ಟೋಬರ್ ಅಂದರೆ ಗಾಳಗಾರರಿಗೆ ಸುಗ್ಗಿಯ ಕೊನೆ.

ಟ್ರೌಟ್ ಆ ಬೆಟ್ಟದ ಹುಟ್ಟು ಮೀನೂ ಅಲ್ಲ. ಬ್ರಿಟಿಷರು 1909ರ ಸುಮಾರಿಗೆ ತಂದು ಬಿಟ್ಟಿದ್ದು. ತಣ್ಣೀರು ಬೇಕು ಅದಕ್ಕೆ, 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನಾನು ಊರಿಗೆ ಬಂದು ಈ ಕಥೆ ಹೇಳಿದಾಗ ಒಬ್ಬ ದೋಸ್ತ, “ಹಂಗಾರ ಹಿಡಕಲ್ ಡ್ಯಾಮಿಗೆ ನಾಕ್ ಸಾವಿರ ಮರಿ ತಂದ ಬಿಡೂಣಲ್ಲ” ಅಂದ. ಬ್ಯಾಸಿಗ್ಯಾಗ ನಮ್ಮ ನೀರಿಗೆ ಟ್ರೌಟ್ ಬಿಟ್ಟರೆ ಸಾರು ಮಾಡೋ ಕೆಲಸ ಸೂರ್ಯನೇ ಮಾಡ್ತಾನ. ತಮಾಷೆ ಬಿಡ್ರಿ, ಹೊರಗಿನ ಮೀನು ತಂದು ಹಳ್ಳಕ್ಕೆ ಬಿಡೋ ಹುಚ್ಚು ನಮಗೆ ಬೇಡ. ತಿಲಾಪಿಯಾ ಬಂದು ನಮ್ಮ ಕೆರೆಗಳಲ್ಲಿ ಹೇಗೆ ಹಬ್ಬಿದೆ ಅಂತ ನೋಡಿದ್ದೇವೆ.

ನನಗೆ ಅಂದು ನಾಟಿದ್ದು ಟ್ರೌಟ್ ಅಲ್ಲ, ಆ ಕಲ್ಲು ತಿರುವಿದ್ದು. ನಾನು ಕೀಟಶಾಸ್ತ್ರದ ಪೇಪರ್ ಪಾಸಾದವನು. ಕಾಯಿಕೊರಕ, ಥ್ರಿಪ್ಸ್, ಬಿಳಿನೊಣ, ವಜ್ರಬೆನ್ನಿನ ಪತಂಗ, ಎಲ್ಲದರ ಜೀವನಚಕ್ರ ಬಾಯಿಪಾಠ. ಅಂದರೆ ನಾನು ಕಲಿತಿದ್ದೆಲ್ಲ ಕೊಲ್ಲಬೇಕಾದ ಹುಳ. ಆ ಗಾಳಗಾರ ಕಾಲೇಜಿಗೆ ಹೋಗಿದ್ದನೋ ಇಲ್ಲವೋ, ಆತನಿಗೆ ಇರಬೇಕಾದ ಹುಳ ಗೊತ್ತಿತ್ತು. ಮೂರು ಬಾಲದ್ದು ಮೇಫ್ಲೈ ಮರಿ. ತಿಂಗಳುಗಟ್ಟಲೆ ನೀರಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುತ್ತದೆ. ಆ ದಿನಗಳಲ್ಲಿ ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ. ಮರಳಿನ ಮನೆ ಕಟ್ಟೋದು ಕ್ಯಾಡಿಸ್‌ಫ್ಲೈ ಮರಿ. ಇವೆರಡರ ಜೊತೆ ಸ್ಟೋನ್‌ಫ್ಲೈ ಅಂತ ಇನ್ನೊಂದು. ಜಗತ್ತಿನಾದ್ಯಂತ ಹೊಳೆ ಹಳ್ಳದ ಆರೋಗ್ಯ ಅಳೆಯುವವರು ಮೊದಲು ಎಣಿಸೋದು ಈ ಮೂರನ್ನೇ. ನೀರು ಕೆಟ್ಟರೆ ಮೀನಿಗಿಂತ ಮೊದಲು ಇವು ಕಾಣೆಯಾಗುತ್ತವೆ.

ಟ್ರೌಟ್‌ಗೂ ನಮ್ಮ ಔಷಧ ಅಂಗಡಿಗೂ ಒಂದು ನಂಟಿದೆ. ಹೊಸ ಕೀಟನಾಶಕ ಬಂದಾಗ ಮೀನಿಗೆ ಎಷ್ಟು ವಿಷ ಅಂತ ಪರೀಕ್ಷೆ ಮಾಡಲು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಮೀನುಗಳಲ್ಲಿ ರೇನ್‌ಬೋ ಟ್ರೌಟ್ ಒಂದು. ಲ್ಯಾಂಬ್ಡಾ ಸೈಹಲೋಥ್ರಿನ್ ನಿಮಗೆ ಗೊತ್ತೇ ಇದೆ, ಕಡಿಮೆ ರೇಟು, ಬೇಗ ಹುಳ ಉದುರುತ್ತದೆ ಅಂತ ಎಲ್ಲರ ಮನೆಯಲ್ಲೂ ಒಂದು ಬಾಟಲಿ ಇರುತ್ತದೆ. ಅದು 1 ಲೀಟರ್ ನೀರಿನಲ್ಲಿ 1 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ನಾಲ್ಕು ದಿನದಲ್ಲಿ ಅರ್ಧದಷ್ಟು ಟ್ರೌಟ್ ಸಾಯುತ್ತವೆ. ಲೆಕ್ಕ ನೀವೇ ಹಾಕ್ರಿ. ಶೇ. 5ರ ಎಣ್ಣಿ 10 ಮಿ.ಲೀ. ಅಂದರೆ ಒಳಗೆ ಅರ್ಧ ಗ್ರಾಂ ವಿಷ, ಅಂದರೆ 5 ಲಕ್ಷ ಮೈಕ್ರೋಗ್ರಾಂ. ಲೀಟರಿಗೆ ಒಂದರಂತೆ ಹಂಚಿದರೆ 5 ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ ಆದರೆ 100 ಟ್ಯಾಂಕರ್. ಒಂದು ಮುಚ್ಚಳದ ಲೆಕ್ಕ ಇದು. ಹಳ್ಳದಲ್ಲಿ ಈ ಜಾತಿಯ ಔಷಧ ಬೇಗ ಕೆಸರಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಪ್ರಯೋಗಾಲಯದಷ್ಟು ಉಗ್ರ ಇರಲಿಕ್ಕಿಲ್ಲ ಅಂತ ಹೇಳುವವರಿದ್ದಾರೆ. ನಿಜ. ಆದರೆ ಕೆಸರಲ್ಲೇ ಅಲ್ಲವೇ ಹುಳ ಇರೋದು?

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಡಿಗ್ರಿ ಮುಗಿಸಿ ಊರಿಗೆ ಬಂದ ಎರಡನೇ ವರ್ಷ ಹಳ್ಳದ ದಂಡೆಯ ಹೊಲದಲ್ಲಿ ಕ್ಯಾಬೀಜ್ ಹಾಕಿದ್ದೆ. ದೀಪಾವಳಿಗೆ ಒಳ್ಳೆ ರೇಟ್ ಸಿಗುವ ಲೆಕ್ಕ. ಎಲೆ ಜಾಲರಿ ಮಾಡೋ ಹುಳ ಬಿತ್ತು. ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್ ಕೂಡಿದ ಎಣ್ಣಿ ತಂದು ಹೊಡೆದೆ. ನೀರು ತುಂಬಿಕೊಂಡಿದ್ದು ಹಳ್ಳದಿಂದ. ಬಾಟಲಿ ಅಳೆದು ಸುರಿದಿದ್ದು ಹಳ್ಳದ ದಂಡೆಯಲ್ಲಿ. ಸಂಜೆ ಪಂಪ್ ತೊಳೆದಿದ್ದು ಹಳ್ಳದಲ್ಲಿ, ಅದೂ ಕಾಲೇಜಿನಲ್ಲಿ ಕಲಿಸಿದ ಹಾಗೆ ಮೂರು ಸಲ. ತೊಳೆದ ನೀರು ಎಲ್ಲಿ ಹೋಗಬೇಕು ಅನ್ನೋದನ್ನು ನಾನು ಯೋಚನೆಯೇ ಮಾಡಲಿಲ್ಲ.

ಪಕ್ಕದ ಹೊಲದ ಕಾಕಾ ಅದೇ ಮಡುವಿನಲ್ಲಿ ದಿನಾ ಸಂಜೆ ಗಾಳ ಹಾಕುವವ. ನಾನು ಸಣ್ಣವನಿದ್ದಾಗ ನನಗೂ ಕಲಿಸಿದವ. ಮರುದಿನ ಬೆಳಿಗ್ಗೆ ಮನೆಗೆ ಬಂದು ಏನೂ ಹೇಳದೆ ನನ್ನ ಕರಕೊಂಡು ಹೋದ. ಮಡುವಿನ ಅಂಚಿನಲ್ಲಿ ಬಾಲದ ಬುಡಕ್ಕೆ ಕರಿ ಚುಕ್ಕೆ ಇರುವ ಸಣ್ಣ ಗೆಂಡೆಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಏಡಿಗಳು ನೀರು ಬಿಟ್ಟು ದಂಡೆಗೆ ಬಂದು ಕುಳಿತಿದ್ದವು, ಕಾಲು ಆಡಿಸಲು ಆಗುತ್ತಿರಲಿಲ್ಲ. ಕಾಕಾ ಬೈಯಲಿಲ್ಲ. “ಇಷ್ಟ ಓದಿ ಬಂದಿ, ಇದು ಗೊತ್ತಿರಲಿಲ್ಲೇನೋ?” ಅಂದ ಅಷ್ಟೇ. ಗೊತ್ತಿತ್ತು. ಬಾಟಲಿಯ ಚೀಟಿ ಮೇಲೆ ಮೀನಿಗೆ ವಿಷ ಅಂತ ಬರೆದಿತ್ತು. ಓದಿದ್ದೆ ಕೂಡ. ಆ ವರ್ಷ ಕಾಕಾ ಮತ್ತೆ ಅಲ್ಲಿ ಗಾಳ ಹಾಕಲಿಲ್ಲ.

ಅವತ್ತೇ ಸಾವಯವಕ್ಕೆ ಬದಲಾದೆ ಅಂದರೆ ಸುಳ್ಳಾಗುತ್ತದೆ. ಇನ್ನೂ ಮೂರು ವರ್ಷ ಎಣ್ಣಿ ಹೊಡೆದೆ, ಪಂಪ್ ಮಾತ್ರ ಮನೆಯ ಹತ್ತಿರ ತೊಳೆದೆ. ಬದಲಾಗಿದ್ದಕ್ಕೆ ಸಾಲ, ಅರಿಷಿಣದ ರೇಟು, ಇನ್ನೂ ಏನೇನೋ ಕಾರಣ. ಅದು ಬೇರೆ ಲೇಖನ.

ನಿಮ್ಮಲ್ಲಿ ಬಹಳ ಜನ ಬಾಟಲಿ ಮೇಲಿನ ತ್ರಿಕೋನದ ಬಣ್ಣ ನೋಡಿ ಔಷಧ ಕೊಳ್ಳುತ್ತೀರಿ. ಕೆಂಪು ಅಂದರೆ ಘೋರ, ಹಳದಿ, ನೀಲಿ, ಕೊನೆಗೆ ಹಸಿರು ಅಂದರೆ “ಏನೂ ಆಗಂಗಿಲ್ಲ”. ಆ ಬಣ್ಣ ಕೊಡೋದು ಇಲಿಯಂಥ ಪ್ರಾಣಿಗೆ ತಿನ್ನಿಸಿ, ಮೈಗೆ ಹಚ್ಚಿ ನೋಡಿದ ಪರೀಕ್ಷೆಯ ಮೇಲೆ. ಅಂದರೆ ಅದು ಹೊಡೆಯುವ ಮನುಷ್ಯನ ಸಲುವಾಗಿ ಮಾಡಿದ ಗುರುತು. ಮೀನಿಗೆ, ನೀರಿನ ಹುಳಕ್ಕೆ ಏನಾಗುತ್ತದೆ ಅಂತ ಆ ತ್ರಿಕೋನ ಹೇಳುವುದೇ ಇಲ್ಲ. ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ತ್ರಿಕೋನದ್ದು, ಕಬ್ಬಿನ ಸುಳಿಕೊರಕಕ್ಕೆ ನಮ್ಮ ಕಡೆ ಭರಪೂರ ಬಳಕೆ. ಮೀನು ಅದಕ್ಕೆ ಸುಲಭವಾಗಿ ಸಾಯುವುದಿಲ್ಲ. ಆದರೆ ಮೀನು ತಿನ್ನುವ ಸಣ್ಣ ನೀರುಜೀವಿಗಳಿಗೆ ಅದು ಬಹಳ ವಿಷ. ಇಂಥ ಕಡೆ ಹೆಣ ತೇಲುವುದಿಲ್ಲ. ಮುಂದಿನ ವರ್ಷ ಮಡುವಿನಲ್ಲಿ ಮೀನು ಕಡಿಮೆ ಇರುತ್ತದೆ, ಜನ ಮಳೆ ಸರಿ ಆಗಲಿಲ್ಲ ಅಂತಾರೆ.

ಹಾಗಂತ ಸಾವಯವದವರು ಎದೆ ತಟ್ಟಿಕೊಳ್ಳಬೇಕಿಲ್ಲ. ನಾವು ಬಳಸುವ ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷವೇ. ಬೇವಿನ ಅಜಾಡಿರಾಕ್ಟಿನ್ ಹುಳದ ಪೊರೆ ಬಿಡುವುದನ್ನು ತಡೆಯುತ್ತದೆ, ಅದು ಹೊಲದ ಹುಳವೋ ಹಳ್ಳದ ಹುಳವೋ ಅಂತ ನೋಡುವುದಿಲ್ಲ. ಬೇರಿನಿಂದ ತೆಗೆಯುವ ರೋಟೆನೋನ್ ಹಿಂದೆ ಎಷ್ಟೋ ದೇಶಗಳಲ್ಲಿ ಸಾವಯವ ಕೀಟನಾಶಕ, ಅದನ್ನೇ ಮೀನು ಕೊಲ್ಲಲಿಕ್ಕೂ ಬಳಸುತ್ತಿದ್ದರು. ನಮ್ಮ ಹಿರಿಯರು ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದರಲ್ಲ, ಅದೂ ಗಿಡದಿಂದ ಬಂದಿದ್ದೇ. ಜೀವಾಮೃತದ ಡ್ರಮ್ ಹಳ್ಳಕ್ಕೆ ಉರುಳಿದರೆ ಸಗಣಿ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನು ಬಾಯಿ ಮೇಲೆ ಮಾಡುತ್ತವೆ. ಸರ್ಟಿಫಿಕೇಟ್ ಗೋಡೆ ಮೇಲಿರುತ್ತದೆ, ಹಳ್ಳ ಅದನ್ನು ಓದೋದಿಲ್ಲ.

ಸರಿ, ಗಾಳಕ್ಕೆ ಬರೋಣ. ಇದೇನು ಬಿಳಿಯರ ಹವ್ಯಾಸ ಅನ್ನಬೇಡಿ. ಈ ನೆಲ ಆಳಿದ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಗಾಳದ ಸಲುವಾಗಿಯೇ ಒಂದು ಅಧ್ಯಾಯವಿದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಯಾವ ಮೇವು, ಗಾಳದ ದಾರ, ಕೋಲು ಹೇಗಿರಬೇಕು ಎಲ್ಲ ಅದರಲ್ಲಿದೆ. ಇಂಗ್ಲಿಷಿನಲ್ಲಿ ಗಾಳದ ಮೊದಲ ಪುಸ್ತಕ ಅಚ್ಚಾಗಿದ್ದು 1496ರಲ್ಲಿ. ಮುನ್ನೂರು ವರ್ಷಕ್ಕೂ ಹೆಚ್ಚು ಹಿಂದೆ ನಮ್ಮ ಕಡೆ ರಾಜ ಕುಳಿತು ಬರೆಸಿಬಿಟ್ಟಿದ್ದಾನೆ.

ನಾನು ಸಾವಿರಾರು ರೂಪಾಯಿಯ ರಾಡ್ ತಂದಿಲ್ಲ. ತೆಳ್ಳನೆಯ ಬಿದಿರು, ನೈಲಾನ್ ದಾರ, ಅಂಗಡಿಯಲ್ಲಿ ಸಿಗೋ ತೀರ ಸಣ್ಣ ಕೊಂಡಿ. ಕೊಂಡಿಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿದರೆ ಮೀನಿನ ಬಾಯಿ ಹರಿಯುವುದಿಲ್ಲ. ಹುಂಜದ ಕುತ್ತಿಗೆಯ ಪುಕ್ಕ ಒಂದು, ಅಮ್ಮನ ಹೊಲಿಗೆ ದಾರ ಸ್ವಲ್ಪ. ಮೊದಲ ಹತ್ತು ಹುಳ ಹಲ್ಲುಜ್ಜೋ ಬ್ರಷ್ ಹಾಗೆ ಆಗಿದ್ದವು. ಈಗ ಪರವಾಗಿಲ್ಲ. ನಮ್ಮ ಹಳ್ಳದ ಸಣ್ಣ ಮೀನುಗಳು ಸಂಜೆ ಹೊತ್ತು ನೀರ ಮೇಲೆ ಬಿದ್ದ ಹುಳಕ್ಕೆ ಚಂಗನೆ ಹಾರುತ್ತವೆ. ನಿಮ್ಮ ನೆರಳು ನೀರ ಮೇಲೆ ಬೀಳದಂತೆ, ಸೂರ್ಯನಿಗೆ ಎದುರಾಗಿ, ಹರಿವಿನ ಕೆಳಗಿನಿಂದ ಹೋಗಬೇಕು, ಯಾಕಂದ್ರ ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ಸಿಕ್ಕ ಮೀನು ಬೆರಳುದ್ದ. ಆದರೆ ಆ ಅರ್ಧ ಗಂಟೆ ನೀವು ನೀರನ್ನು ನೋಡಿದಷ್ಟು ಬೇರೆ ಯಾವಾಗಲೂ ನೋಡಿರುವುದಿಲ್ಲ.

ಗಾಳ ಹಾಕೋ ಮೊದಲು ಕಲ್ಲು ತಿರುವಬೇಕು, ಅದು ಮುಖ್ಯ. ಹರಿಯೋ ಜಾಗದ ಹತ್ತು ಕಲ್ಲು. ಮೂರು ಬಾಲದ ಮರಿ, ಮರಳಿನ ಮನೆ ಸಿಕ್ಕರೆ ಖುಷಿ ಪಡ್ರಿ. ನಮ್ಮ ಬಯಲಿನ ಬೆಚ್ಚಗಿನ ನೀರಲ್ಲಿ ಸ್ಟೋನ್‌ಫ್ಲೈ ಹುಡುಕಬೇಡಿ, ಅದಕ್ಕೆ ಖಾನಾಪುರದ ಆಚೆ ಘಟ್ಟದ ತೊರೆಗಳಿಗೇ ಹೋಗಬೇಕು. ಹುಡುಗರು ಹೆಲಿಕಾಪ್ಟರ್ ಅನ್ನೋ ಡ್ರ್ಯಾಗನ್‌ಫ್ಲೈ ಮರಿ ಸಿಕ್ಕರೂ ಒಳ್ಳೇದೇ, ಅದು ಸೊಳ್ಳೆ ಮರಿ ತಿನ್ನುತ್ತದೆ. ಕಲ್ಲಿನಡಿ ಬರೀ ಕೆಂಪು ನೂಲಿನ ತುಂಡಿನಂಥ ಹುಳ ತುಂಬಿದ್ದರೆ ಮಾತ್ರ ಚಿಂತೆ ಮಾಡಬೇಕು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದರ ಮೈಯಲ್ಲೂ ಇದೆ, ಹಾಗಾಗಿ ಆಮ್ಲಜನಕ ಕಡಿಮೆ ಇದ್ದ ಕೊಳಕು ನೀರಲ್ಲೂ ಬದುಕುತ್ತದೆ. ಬೇರೆಯವು ಸತ್ತ ಮೇಲೆ ಅದರದೇ ರಾಜ್ಯ. ಪ್ರತಿ ಅಕ್ಟೋಬರ್‌ನಲ್ಲಿ ಅದೇ ಜಾಗದ ಕಲ್ಲಿನ ಫೋಟೋ ಮೊಬೈಲಿನಲ್ಲಿ ತೆಗೆದು ಇಟ್ಟುಕೊಳ್ರಿ. ಮೂರು ವರ್ಷದ ಫೋಟೋ ಪಕ್ಕಪಕ್ಕ ಇಟ್ಟರೆ ನಿಮಗೇ ಗೊತ್ತಾಗುತ್ತದೆ.

“ನಾನೊಬ್ಬ ಬಿಟ್ಟರ ಏನಾಗ್ತೈತ್ರಿ, ಮ್ಯಾಲಿನ ಹೊಲದವ್ರು ಹೊಡಿತಾರಲ್ಲ” ಅಂತ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಘಟಪ್ರಭಾ ಕಾಲುವೆಯ ನೀರು ಕಬ್ಬಿನ ಹೊಲಗಳಲ್ಲಿ ಹಾದು, ಬಸಿದು ಹಳ್ಳಕ್ಕೆ ಬರುತ್ತದೆ. ನೂರಾರು ಹೊಲದ ತೊಳೆದ ನೀರು ಅದು. ನಾನೊಬ್ಬ ಸಾವಯವ ಮಾಡಿದ್ದಕ್ಕೆ ಹಳ್ಳ ಸ್ವಚ್ಛ ಆಯಿತು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಎಲ್ಲರೂ ನಾಳೆಯೇ ಎಣ್ಣಿ ಬಿಡ್ರಿ ಅಂತಲೂ ಹೇಳುತ್ತಿಲ್ಲ, ಸಾಲ ಇದ್ದವನ ಕಷ್ಟ ನನಗೆ ಗೊತ್ತು. ಆದರೆ ಹೊಲಕ್ಕೆ ಹೊಡೆದ ಔಷಧದಲ್ಲಿ ಬಹಳಷ್ಟು ಎಲೆಗೆ, ಮಣ್ಣಿಗೆ ಹಿಡಿಯುತ್ತದೆ. ಪಂಪ್ ತೊಳೆದ ನೀರು, ಕೈ ತಪ್ಪಿ ಚೆಲ್ಲಿದ ಮುಚ್ಚಳ, ದಂಡೆಯಲ್ಲಿ ಒಗೆದ ಬಾಟಲಿ ಇವು ನೇರ ಹಳ್ಳಕ್ಕೆ. ಇದನ್ನು ನಿಲ್ಲಿಸಲು ಒಂದು ರೂಪಾಯಿ ಖರ್ಚಿಲ್ಲ, ಇಳುವರಿ ಒಂದು ಕೆ.ಜಿ. ಕಡಿಮೆ ಆಗುವುದಿಲ್ಲ. ನೀರನ್ನು ಕೊಡದಲ್ಲಿ ಹೊಲದ ನಡುವೆ ಒಯ್ದು ಅಲ್ಲೇ ಕೂಡಿಸ್ರಿ. ಮೂರು ಸಲ ತೊಳೆದ ನೀರನ್ನು ಅದೇ ಬೆಳೆಗೇ ಹೊಡೀರಿ. ಮೋಡ ಕಟ್ಟಿದ ದಿನ ಹೊಡೆಯಬೇಡಿ, ಫೋನಿನಲ್ಲಿ ಮಳೆ ಮುನ್ಸೂಚನೆ ನೋಡೋದು ನಿಮಗೆ ನಾನು ಕಲಿಸಬೇಕಿಲ್ಲ. ಹಳ್ಳದ ಬದಿಗೆ ಎರಡು ಸಾಲು ನೇಪಿಯರ್ ಅಥವಾ ಲಾವಂಚ ಹಚ್ಚಿದರೆ ಮಣ್ಣೂ ನಿಲ್ಲುತ್ತದೆ, ದನಕ್ಕೆ ಮೇವೂ ಆಗುತ್ತದೆ. ಲಾವಂಚ ದನ ಅಷ್ಟು ಇಷ್ಟಪಡುವುದಿಲ್ಲ, ನೇಪಿಯರೇ ಇರಲಿ.

ಇನ್ನೊಂದು ಮಾತು ಕೆಲವರಿಗೆ ಸಿಟ್ಟು ತರಿಸಬಹುದು. ಹಳ್ಳಕ್ಕೆ ಬ್ಲೀಚಿಂಗ್ ಪೌಡರ್ ಸುರಿದು, ಮೋಟಾರಿನ ವೈರ್ ಬಿಟ್ಟು ಕರೆಂಟ್ ಹಚ್ಚಿ ಮೀನು ಹಿಡಿಯೋದು, ಅದನ್ನು ರೀಲ್ಸ್ ಮಾಡಿ ಹಾಕೋದು. ಇದು ಬೇಟೆಯೂ ಅಲ್ಲ, ಆಟವೂ ಅಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲೋದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳಿಗೆ 1996ರಲ್ಲಿ ವಿಷ ಹಾಕಿದ್ದರು, ಸತ್ತ ಮೀನುಗಳಿಗೆ ಅಲ್ಲಿಯ ಜನ ಸ್ಮಾರಕ ಕಟ್ಟಿದ್ದಾರೆ. ನಮ್ಮ ಹಳ್ಳದ ಗೆಂಡೆಗೆ ಸ್ಮಾರಕ ಕಟ್ಟುವವರು ಯಾರೂ ಇಲ್ಲ. ಗಾಳಕ್ಕೂ ಜಾಗ ಇದೆ, ಕೆರೆ ಗುತ್ತಿಗೆ ಕೊಟ್ಟಿದ್ದರೆ ಕೇಳಿ ಹಾಕ್ರಿ, ಧೂಪದಾಳದ ಪಕ್ಷಿಧಾಮದಲ್ಲಿ, ಭೀಮಗಡದ ಕಾಡಿನಲ್ಲಿ ಹಾಕುವಂತಿಲ್ಲ.

ಕಳೆದ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ, ಊಟ ಮುಗಿಸಿ, ಅಣ್ಣನ ಮಗನನ್ನು ಕರಕೊಂಡು ಹಳ್ಳಕ್ಕೆ ಹೋದೆ. ಕಾಕಾ ಅಲ್ಲಿ ಮೊದಲೇ ಕುಳಿತಿದ್ದ, ನಮ್ಮ ಎರೆಗೊಬ್ಬರದ ತೊಟ್ಟಿಯಿಂದ ಕದ್ದ ಹುಳ ಒಂದು ಡಬ್ಬಿ ತುಂಬ. ಹುಡುಗ ಕಲ್ಲು ತಿರುವಿದ. ಆರು ಕಲ್ಲಿನಡಿ ಏನೂ ಇಲ್ಲ, ಎರಡರಲ್ಲಿ ಕೆಂಪು ಹುಳ. ಒಂಬತ್ತನೆಯದರಲ್ಲಿ ಮರಳಿನ ಸಣ್ಣ ಕೊಳವೆ, ಒಳಗಿನಿಂದ ಒಂದು ತಲೆ ಇಣುಕಿ ಮತ್ತೆ ಒಳಗೆ ಹೋಯಿತು. ಹುಡುಗ ಕೂಗಿಕೊಂಡ. ಆಮೇಲೆ ನನ್ನ ಪುಕ್ಕದ ಹುಳಕ್ಕೆ ಒಂದು ಗೆಂಡೆ ಬಿತ್ತು, ಬೆರಳಿಗಿಂತ ಸ್ವಲ್ಪ ದೊಡ್ಡದು. ಕೈ ಒದ್ದೆ ಮಾಡಿಕೊಂಡು ಕೊಂಡಿ ಬಿಡಿಸಿ ನೀರಿಗೆ ಬಿಟ್ಟೆ.

“ಬಿಟ್ಟೇನೋ?” ಅಂದ ಕಾಕಾ. “ಹುಚ್ಚ ಅದೀ ನೋಡು. ನನ್ನ ಡಬ್ಬ್ಯಾಗ ಹಾಕಬಾರದಾ?”